ಬೆಳಗಿನ ಕಟ್ಟು

ಏಪ್ರಿಲ್ಲು. ದಾವಣಗೆರೆಯ ಗೋಡೆಗೂ ಜ್ವರ.
ಹೈಸ್ಕೂಲಿನ ಆರನೇ ಕೊಠಡಿಯಲ್ಲಿ
ಫ್ಯಾನು ಹಾಕಿದರೆ ಪತ್ರಿಕೆ ಹಾರುತ್ತದೆ,
ನಿಲ್ಲಿಸಿದರೆ ಪ್ರಾಣ.

ಒಬ್ಬೊಬ್ಬರಿಗೆ ದಿನಕ್ಕೆ ಇಪ್ಪತ್ತು.
ಹೆಸರಿಲ್ಲ, ಊರಿಲ್ಲ, ಶಾಲೆಯ ಮೊಹರಿಲ್ಲ,
ಒಂದು ಗುಪ್ತ ಸಂಖ್ಯೆ, ಅದರ ಹಿಂದೆ
ಉಗುರು ಕಚ್ಚುತ್ತ ಕೂತ ಯಾವುದೋ ಒಂದು ಮಗು.

ಹಾಲಮ್ಮ ಮೇಡಂ ಮೊದಲ ದಿನವೇ ಅಂದಿದ್ದರು:
"ಮಾದರಿ ಉತ್ತರ ಅಂದ್ರೆ ತಕ್ಕಡಿ ಕಲ್ಲು ಕಣ್ರೀ.
ಕಲ್ಲೂ ಸವೀಬಾರ್ದು,
ತಟ್ಟೆಗೆ ನಿಮ್ಮ ಹೆಬ್ಬೆಟ್ಟೂ ತಾಗಬಾರ್ದು."

ಹೃದಯದ ಚಿತ್ರ. ಮೂರು ಅಂಕ.
ಬದನೆಕಾಯಿ ಹೃದಯ, ಬುಗುರಿ ಹೃದಯ,
ಎಡಬಲ ಅದಲುಬದಲಾದ ಹೃದಯ ಏಳು.
ಎದುರು ನಿಂತವರ ಎಡ ನಿಮ್ಮ ಬಲ ಅಂತ
ಹದಿನೇಳು ವರ್ಷ ನಮ್ಮ ಜಗಳೂರಿನ ಮಕ್ಕಳಿಗೆ
ನನ್ನದೇ ಎದೆ ಮುಟ್ಟಿ ತೋರಿಸಿದ್ದೇನೆ.
ಇಲ್ಲೊಂದು ಮಗು ಐದು ಕೋಣೆ ಕಟ್ಟಿದೆ.
ಒಂದು ಹೆಚ್ಚಿದ್ದರೆ ನನಗೂ ಬೇಕಿತ್ತೇನೋ,
ಆದರೆ ಅಂಕವಿಲ್ಲ.

ಯಾರಿಗೂ ಹೇಳದ ಮಾತು:
ಬೆಳಿಗ್ಗೆ ನನ್ನ ಕೈ ಬಿಗಿ.
ಮಂಡಕ್ಕಿ ಮಿರ್ಚಿ ತಿಂದು, ಚಹಾ ಕುಡಿದ ಮೇಲೆ ಸಡಿಲ.
ಚೆಂದದ ಅಕ್ಷರಕ್ಕೆ ಕಣ್ಣು ಸೋಲುತ್ತದೆ,
ಕಾಗೆ ಕಾಲಿಗೆ ಸಿಟ್ಟು ಬರುತ್ತದೆ.

ಹದಿನಾಲ್ಕನೆಯದು ಮಧ್ಯಾಹ್ನ ಬಂತು.
ಹೊಗೆಯಿಂದ ಶ್ವಾಸನಾಳಕ್ಕೆ ಏನು ಹಾನಿ?
ಮಾದರಿ ಉತ್ತರದಲ್ಲಿ ಇರುವುದು:
ಲೋಮಾಂಗಗಳು ನಾಶವಾಗುತ್ತವೆ, ಒಂದು ಅಂಕ.
ಧೂಳು, ಕಫ ಹೊರಹೋಗುವುದಿಲ್ಲ, ಒಂದು ಅಂಕ.
ಈ ಮಗು ಬರೆದದ್ದು:
"ನಮ್ಮವ್ವ ಮಂಡಕ್ಕಿ ಭಟ್ಟೀಲಿ ಮರಳು ಕಾಸ್ತಾಳೆ.
ಸೀನಿದ್ರೆ ಸೆರಗು ಕಪ್ಪು.
ಗಂಟಲೊಳಗೆ ಸಣ್ಣ ಪೊರಕೆ ಇರ್ತಾವೆ,
ಅವು ಸುಟ್ಟು ಹೋಗ್ಯಾವೆ.
ಕಸ ಒಳಗೇ ಉಳೀತದೆ."

ಪೆನ್ನು ನಿಂತಿತು.
ಪಕ್ಕದ ಫಯಾಜ್ ಸರ್ ಇಣುಕಿದರು:
"ಪದ ಎಲ್ಲಿದೆ?"
"ಕೆಲಸ ಇದೆಯಲ್ಲ ಸರ್," ಅಂದೆ.
ಹಾಲಮ್ಮ ಕನ್ನಡಕ ಏರಿಸಿ ಎರಡು ಸಲ ಓದಿದರು.
"ಪೊರಕೆ ಸರಿ. ಎರಡೂ ಕೊಡಿ."
ಆಮೇಲೆ ಮೆಲ್ಲಗೆ:
"ಅವ್ವನಿಗೆ ಕೊಡ್ತಿಲ್ಲ ತಾನೆ?"

ಕೊಟ್ಟೆ. ಕಣ್ಣೊರೆಸಿಕೊಂಡೆ. ಹಿಗ್ಗಿದೆ.
ಹದಿನೈದು ಮುಗಿಯಿತು, ಹದಿನಾರು ತೆರೆದೆ,
ಆಗ ಕುಟುಕಿತು ಏನೋ, ಕೆಂಜಿಗದಂತೆ.
ಬೆಳಿಗ್ಗೆ, ಮೂರನೆಯದೋ ನಾಲ್ಕನೆಯದೋ,
ಕಾಗೆ ಕಾಲಿನ ಅಕ್ಷರ,
"ಒಳಗಿನ ಕೂದಲು ಸಾಯ್ತಾವೆ. ಕಫ ಮೇಲೆ ಬರಲ್ಲ."
ಕೂದಲಲ್ಲ, ಲೋಮಾಂಗ, ಅಂತ ಗೊಣಗಿ
ಕಾಗದ ಹರಿಯುವಷ್ಟು ಒತ್ತಿ ಗೀಟು ಎಳೆದಿದ್ದೆ.
ಅಲ್ಲಿ ಅವ್ವ ಇರಲಿಲ್ಲ,
ಭಟ್ಟಿ ಇರಲಿಲ್ಲ,
ಎರಡೇ ಒಣ ಸಾಲು. ಎರಡೂ ಸರಿ.

ಬೆಳಗಿನ ಕಟ್ಟು ಬಿಚ್ಚಿದೆ.
ಒಟ್ಟು ಹಾಕಿ ಆಗಿತ್ತು, ದಾರ ಬಿಗಿದು ಆಗಿತ್ತು.
ಫಯಾಜ್ ಸರ್ ಗಡಿಯಾರ ನೋಡಿದರು.
ಅದೊಂದೇ ಪ್ರಶ್ನೆ,
ಹದಿನೈದೂ ಪತ್ರಿಕೆಯಲ್ಲಿ ಮತ್ತೆ ಓದಿದೆ.
ಕಾಗೆ ಕಾಲಿಗೆ ಎರಡು.
ಇನ್ನೊಂದಕ್ಕೆ ಒಂದು.
ಹನ್ನೊಂದನೆಯದು ಮುತ್ತಿನಂಥ ಅಕ್ಷರ,
"ಲೋಮಾಂಗಗಳು ಹೊಗೆಯನ್ನು ತಯಾರಿಸುತ್ತವೆ."
ಪದ ಕಂಡೊಡನೆ ಸರಿ ಅಂದಿದ್ದೆ,
ವಾಕ್ಯ ಓದಿರಲಿಲ್ಲ.
ಅದನ್ನು ಕಳೆದೆ.
ಕೊಡುವಾಗ ಬಾರದ ನಡುಕ
ಆಗ ಬಂತು ಬೆರಳಿಗೆ.

ತಿದ್ದಿದ ಮೂರು ಕಡೆಯೂ ಹಾಲಮ್ಮನ ಸಹಿ.
ಏನೂ ಕೇಳಲಿಲ್ಲ ಅವರು,
ತಮ್ಮ ಬಾಟಲಿಯ ನೀರು ನನ್ನ ಕಡೆ ಸರಿಸಿದರು.

ಐದೂಕಾಲರ ಬಸ್ಸು ಹೋಯಿತು.
ನಲ್ಲಿಯ ಕೆಳಗೆ ಕೈ ತೊಳೆದೆ,
ಹೆಬ್ಬೆಟ್ಟಿನ ಕೆಂಪು ಹೋಗಲಿಲ್ಲ.
ನಾಳೆ ಮತ್ತೆ ಇಪ್ಪತ್ತು.
ಒಂದು ಪ್ರಶ್ನೆ ಹಿಡಿದು ಎಲ್ಲ ಪತ್ರಿಕೆ ನೋಡಬೇಕು,
ಆಮೇಲೆ ಮುಂದಿನ ಪ್ರಶ್ನೆ.
ಮಿರ್ಚಿ
ಸಂಜೆಗೆ ಇಟ್ಟುಕೊಂಡರಾಯಿತು.